ಒರಳಿನಂಥ ಕೀಲು

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳು ಘಟಪ್ರಭೆಯ ನೀರುಂಡು ಬೆಳೆದ ಸೀಮೆ. ಹುಕ್ಕೇರಿಯ ನೆಲದಲ್ಲಿ ಹಿಡಕಲ್ ಜಲಾಶಯವಾಗಿ ತಂಗುವ ಈ ನದಿ ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮ್ಮಿಕ್ಕಿ ಮುಂದೆ ಹರಿಯುತ್ತದೆ. ಅದರ ಎರಡೂ ದಂಡೆಗಳ ಮೇಲೆ ಕಣ್ಣು ಹಾಯುವವರೆಗೆ ಕಬ್ಬಿನ ಹೊಲಗಳು. ಚಳಿಗಾಲ ಕಾಲಿಟ್ಟಿತೆಂದರೆ ಕಬ್ಬಿನ ಕಟಾವು ಆರಂಭವಾಗುತ್ತದೆ. ಗಂಡಸರೂ ಹೆಂಗಸರೂ ನಡು ಬಗ್ಗಿಸಿ, ಕೈಯಲ್ಲಿ ಕೊಯ್ತಾ ಹಿಡಿದು, ಬುಡಕ್ಕೆ ಏಟು ಹಾಕುತ್ತ ಸಾಲು ಸಾಲಾಗಿ ಮುಂದೆ ಸಾಗುತ್ತಾರೆ. ಕಡಿದ ಕಬ್ಬನ್ನು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾರೆ. ಇತ್ತ ಊರಿನ ಜಾತ್ರೆಯಲ್ಲಿ ಕುಸ್ತಿಯ ಕಣ ಸಿದ್ಧವಾಗುತ್ತದೆ. ಸಂಗ್ರಾಣಿ ಕಲ್ಲನ್ನೆತ್ತುವ ಗಟ್ಟಿಗರ ಸುತ್ತ ಜನ ನೆರೆಯುತ್ತಾರೆ. ಶಾಲೆಯ ಬಯಲಿನಲ್ಲಿ ಮಕ್ಕಳು ಕಬಡ್ಡಿ, ಖೋಖೋ ಆಡುತ್ತಾರೆ.

ಈ ದುಡಿಮೆಗೂ ಈ ಆಟಕ್ಕೂ ಸಮಾನವಾದ ಒಂದು ಆಧಾರ ನಮ್ಮ ದೇಹದಲ್ಲಿದೆ. ಅದೇ ಸೊಂಟದ ಕೀಲು. ಮುಂಡವನ್ನು ಕಾಲಿಗೆ ಜೋಡಿಸಿ, ಮೇಲಿನ ಭಾರವನ್ನೆಲ್ಲ ಕೆಳಕ್ಕೆ ಸಾಗಿಸುವ ಹೊಣೆ ಅದರದು. ಅದು ಸುಖವಾಗಿರುವ ತನಕ ಅದರ ನೆನಪೇ ನಮಗೆ ಇರುವುದಿಲ್ಲ. ನೋಯತೊಡಗಿದಾಗಲಾದರೂ ಅದನ್ನು ಸರಿಯಾಗಿ ಗುರುತಿಸುತ್ತೇವೆಯೆ? ಅದೂ ಇಲ್ಲ. ‘ಟೊಂಕ ಹಿಡಿದಿದೆ’ ಎಂದೋ, ‘ನರ ಹೊರಳಿದೆ’ ಎಂದೋ ಹೇಳಿ ಎಣ್ಣೆ ತಿಕ್ಕಿಸಿಕೊಳ್ಳುತ್ತೇವೆ. ಟೊಂಕವೆಂಬ ಒಂದೇ ಮಾತಿನಲ್ಲಿ ಬೆನ್ನಿನ ಬುಡವನ್ನೂ ನಡುವನ್ನೂ ಸೇರಿಸಿಬಿಡುತ್ತೇವೆ. ಆದರೆ ಸೊಂಟದ ಕೀಲು ಇರುವುದು ಬೆನ್ನಿನಲ್ಲಲ್ಲ; ತೊಡೆಸಂದಿನ ಆಳದಲ್ಲಿ, ದಪ್ಪ ಸ್ನಾಯುಗಳ ಮರೆಯಲ್ಲಿ. ನೋವನ್ನು ಗುಣಪಡಿಸುವ ಮೊದಲು ನೋಯುವ ವಸ್ತು ಯಾವುದೆಂದು ಅರಿಯುವುದು ಅಗತ್ಯ.

ನಮ್ಮ ಪ್ರಾಚೀನರು ಈ ಕೀಲಿನ ಸ್ವರೂಪವನ್ನು ಬಹು ಚೆನ್ನಾಗಿ ಕಂಡುಕೊಂಡಿದ್ದರು. ಸುಶ್ರುತ ಸಂಹಿತೆಯಲ್ಲಿ ದೇಹದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಒಂದರ ಹೆಸರು ಉಲೂಖಲ, ಎಂದರೆ ಒರಳು. ಕಂಕುಳು ಮತ್ತು ತೊಡೆಸಂದಿನ ಕೀಲುಗಳು ಈ ಗುಂಪಿಗೆ ಸೇರಿವೆ. ಒರಳಿನ ಗುಳಿಯಲ್ಲಿ ಗುಂಡು ತಿರುಗುವುದನ್ನು ಬಲ್ಲ ನಮಗೆ ಈ ಹೋಲಿಕೆ ಎಷ್ಟು ಉಚಿತವೆಂದು ಬೇರೆ ಹೇಳಬೇಕಾಗಿಲ್ಲ. ರೋಮನರು ಇದೇ ಗುಳಿಯನ್ನು ಊಟದ ಮೇಜಿನ ಮೇಲೆ ಹುಳಿರಸ ಇಡುವ ಬಟ್ಟಲಿಗೆ ಹೋಲಿಸಿದರು. ಲ್ಯಾಟಿನ್ ಭಾಷೆಯ ಆ ಹೆಸರು ಅಸಿಟ್ಯಾಬುಲಮ್ ಎಂಬ ರೂಪದಲ್ಲಿ ಇಂದಿಗೂ ವೈದ್ಯಗ್ರಂಥಗಳಲ್ಲಿ ಉಳಿದಿದೆ.

ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ತಲೆಯಿದೆ. ಅದು ಸೊಂಟದ ಮೂಳೆಯ ಬಟ್ಟಲಿನಲ್ಲಿ ಕುಳಿತಿದೆ. ಈ ಬಟ್ಟಲು ಹುಟ್ಟಿನಿಂದಲೇ ಒಂದೇ ಮೂಳೆಯಾಗಿರುವುದಿಲ್ಲ. ಮೂರು ಮೂಳೆಗಳು ಇಲ್ಲಿ ಸಂಧಿಸುತ್ತವೆ; ನಡುವೆ ಮೃದ್ವಸ್ಥಿಯ ಬೆಸುಗೆಯಿರುತ್ತದೆ. ನಿಮ್ಮಂತಹ ಹದಿಹರೆಯದವರಲ್ಲಿಯೇ ಈ ಬೆಸುಗೆ ಗಟ್ಟಿಯಾಗಿ ಮೂರು ಮೂಳೆಗಳು ಒಂದಾಗುತ್ತವೆ. ಆದುದರಿಂದ ಈ ಪಾಠದ ವಿಷಯ ಮುದುಕರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾರೂ ಭಾವಿಸಬಾರದು.

ಈ ಕೀಲಿನಲ್ಲಿ ಎರಡು ಬಗೆಯ ಮೃದ್ವಸ್ಥಿಗಳಿವೆ. ಮೊದಲನೆಯದು ಚೆಂಡನ್ನೂ ಬಟ್ಟಲನ್ನೂ ಹೊದೆದಿರುವ ನುಣುಪಾದ ಹೊದಿಕೆ. ಮುತ್ತಿನಂತೆ ಹೊಳೆಯುವ, ಕೆಲವೇ ಮಿಲಿಮೀಟರು ದಪ್ಪದ ಈ ಹೊದಿಕೆಯಲ್ಲಿ ಹೆಚ್ಚಿನ ಪಾಲು ನೀರೇ. ನೀರನ್ನು ಹಿಡಿದಿಟ್ಟುಕೊಳ್ಳುವ ಎಳೆಗಳ ಜಾಲವೊಂದು ಅದಕ್ಕೆ ಬಲ ಕೊಡುತ್ತದೆ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ನಯವಾಗಿ ಈ ಎರಡು ಹೊದಿಕೆಗಳು ಒಂದರ ಮೇಲೊಂದು ಜಾರುತ್ತವೆ. ಎರಡನೆಯದು ಬಟ್ಟಲಿನ ಅಂಚಿಗೆ ಅಂಟಿಕೊಂಡಿರುವ ನಾರುಳ್ಳ ಬಳೆ. ಇದನ್ನು ವೈದ್ಯರು ಲೇಬ್ರಮ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೆ ತುಟಿ ಎಂದರ್ಥ. ಈ ತುಟಿ ಬಟ್ಟಲನ್ನು ಇನ್ನಷ್ಟು ಆಳವಾಗಿಸುತ್ತದೆ. ಅಷ್ಟೇ ಅಲ್ಲ, ಚೆಂಡಿನ ಸುತ್ತ ಬಿಗಿಯಾಗಿ ಕುಳಿತು, ಕೀಲಿನೊಳಗಿನ ದ್ರವ ಹೊರಗೆ ಸರಿಯದಂತೆ ತಡೆಯುತ್ತದೆ. ನೀರೆತ್ತುವ ಪಂಪಿನ ರಬ್ಬರು ವಾಶರು ಹರಿದರೆ ಏನಾಗುತ್ತದೆಂದು ರೈತರ ಮನೆಯ ಮಕ್ಕಳಿಗೆ ಗೊತ್ತು. ಲೇಬ್ರಮ್ ಹರಿದಾಗಲೂ ಹಾಗೆಯೇ. ಬಿಗಿ ತಪ್ಪುತ್ತದೆ, ಚೆಂಡಿನ ಚಲನೆ ಅಷ್ಟಿಷ್ಟು ಸಡಿಲವಾಗುತ್ತದೆ, ಹೊದಿಕೆಯ ಮೇಲೆ ಒತ್ತಡ ಏರುತ್ತದೆ.

ಈ ಒತ್ತಡ ಎಷ್ಟು? ಭೌತವಿಜ್ಞಾನದಲ್ಲಿ ನೀವು ಕಲಿತ ಸನ್ನೆಗೋಲಿನ ನಿಯಮದಿಂದ ಅದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿ ಒಂದೇ ಕಾಲಿನ ಮೇಲೆ ನಿಂತಿದ್ದಾನೆಂದು ಇಟ್ಟುಕೊಳ್ಳೋಣ. ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ನಾವು ಕ್ಷಣಕಾಲ ಹೀಗೆ ನಿಲ್ಲುತ್ತೇವೆ. ನಿಂತ ಕಾಲಿನ ತೂಕವನ್ನು ಕಳೆದರೆ ಉಳಿಯುವುದು ಸುಮಾರು 50 ಕಿಲೋ. ಈ ಭಾರ ಕೀಲಿನಿಂದ ಒಳಬದಿಗೆ ಸುಮಾರು 10 ಸೆಂಟಿಮೀಟರು ದೂರದಲ್ಲಿ ಕೆಳಕ್ಕೆ ಜಗ್ಗುತ್ತದೆ. ಸೊಂಟ ಆ ಕಡೆಗೆ ವಾಲದಂತೆ ಹಿಡಿಯುವ ಸ್ನಾಯುಗಳು ಕೀಲಿನಿಂದ ಹೊರಬದಿಗೆ ಸುಮಾರು 5 ಸೆಂಟಿಮೀಟರು ದೂರದಲ್ಲಿವೆ. ಅಂತರ ಅರ್ಧವಾದುದರಿಂದ ಬಲ ಇಮ್ಮಡಿ ಬೇಕು. ಎಂದರೆ ಸ್ನಾಯುಗಳು 100 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ ಬೀಳುವುದು 150 ಕಿಲೋ! ದೇಹದ ತೂಕದ ಎರಡೂವರೆ ಪಟ್ಟು ಭಾರವನ್ನು ನಮ್ಮ ಕೀಲು ಪ್ರತಿ ಹೆಜ್ಜೆಗೂ ಹೊರುತ್ತಿದೆ. ಓಡುವಾಗ, ಹೊರೆ ಹೊತ್ತಾಗ ಇದು ಇನ್ನೂ ಹೆಚ್ಚು.

ಇಂತಹ ಭಾರ ಹೊರುವ ಮೃದ್ವಸ್ಥಿಗೆ ಒಂದು ದೊಡ್ಡ ಕೊರತೆಯುಂಟು. ಬೆಳೆದವರಲ್ಲಿ ಆ ನುಣುಪು ಹೊದಿಕೆಗೆ ರಕ್ತನಾಳಗಳಿಲ್ಲ, ನರಗಳಿಲ್ಲ. ಚರ್ಮ ಕೊಯ್ದರೆ ಕೆಲವು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೆ ಕೆಲವು ವಾರಗಳಲ್ಲಿ ಬೆಸೆಯುತ್ತದೆ. ರಕ್ತವೇ ಹರಿಯದ ಮೃದ್ವಸ್ಥಿಗೆ ಈ ಭಾಗ್ಯವಿಲ್ಲ. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ, ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬ ಸಂಗತಿಯನ್ನು ಬರೆದಿಟ್ಟನು. ಅಂದಿನಿಂದ ವಿಜ್ಞಾನ ಬಹಳ ದೂರ ಸಾಗಿದೆಯಾದರೂ ಆ ಮಾತಿನ ತಿರುಳು ಇಂದಿಗೂ ನಿಂತಿದೆ. ಲೇಬ್ರಮ್ಮಿನ ಸ್ಥಿತಿ ಸ್ವಲ್ಪ ಬೇರೆ. ಅದರ ಹೊರಭಾಗಕ್ಕೆ ಅಲ್ಪ ರಕ್ತಸಂಚಾರವುಂಟು. ಅದರಲ್ಲಿ ನರಗಳೂ ಉಂಟು. ಆದುದರಿಂದಲೇ ಅದು ಹರಿದಾಗ ನೋವು ತಿಳಿಯುತ್ತದೆ.

ರಕ್ತವಿಲ್ಲದ ಹೊದಿಕೆ ಬದುಕುವುದಾದರೂ ಹೇಗೆ? ಇಲ್ಲಿಯೇ ಪ್ರಕೃತಿಯ ಜಾಣ್ಮೆಯಿದೆ. ನೀರಿನಲ್ಲಿ ಅದ್ದಿದ ಸ್ಪಂಜನ್ನು ಅದುಮಿದರೆ ನೀರು ಹೊರಕ್ಕೆ ಬರುತ್ತದೆ. ಬಿಟ್ಟರೆ ನೀರನ್ನು ಹೀರಿಕೊಳ್ಳುತ್ತದೆ. ನಾವು ಹೆಜ್ಜೆಯಿಟ್ಟಾಗ ಮೃದ್ವಸ್ಥಿ ಅದುಮಲ್ಪಡುತ್ತದೆ. ಹೆಜ್ಜೆಯೆತ್ತಿದಾಗ ಕೀಲಿನ ದ್ರವವನ್ನೂ ಅದರೊಂದಿಗೆ ಆಹಾರವನ್ನೂ ಒಳಕ್ಕೆ ಹೀರುತ್ತದೆ. ಚಲನೆಯೇ ಅದರ ಅನ್ನ. ಅತಿಯಾದ ಭಾರ ಅದನ್ನು ಸವೆಸುತ್ತದೆ, ನಿಜ. ಆದರೆ ಸಂಪೂರ್ಣ ನಿಶ್ಚಲತೆಯೂ ಅದನ್ನು ಸೊರಗಿಸುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ಚಿಕಿತ್ಸೆಯ ಮರ್ಮವೆಲ್ಲ ತಾನಾಗಿ ತಿಳಿಯುತ್ತದೆ.

ಈ ಮೃದ್ವಸ್ಥಿಗೆ ಪೆಟ್ಟಾಗುವುದು ಹಲವು ಬಗೆಗಳಲ್ಲಿ. ಕುಸ್ತಿಯಲ್ಲಿ ಎದುರಾಳಿ ಕಾಲು ಹಿಡಿದು ತಿರುಚಿದಾಗ, ಕಬಡ್ಡಿಯಲ್ಲಿ ಪಾದ ನೆಲಕ್ಕೂರಿ ಮೈ ಮಾತ್ರ ಗಕ್ಕನೆ ಹೊರಳಿದಾಗ ಲೇಬ್ರಮ್ ಹರಿಯಬಹುದು. ಇನ್ನು ಕೆಲವರಲ್ಲಿ ಕಾರಣ ಮೂಳೆಯ ಆಕಾರದಲ್ಲಿಯೇ ಇರುತ್ತದೆ. ತೊಡೆಮೂಳೆಯ ಕತ್ತಿನ ಮೇಲೆ ತುಸು ಉಬ್ಬಿದ್ದರೆ, ಅಥವಾ ಬಟ್ಟಲಿನ ಅಂಚು ಹೆಚ್ಚು ಮುಂದೆ ಚಾಚಿದ್ದರೆ, ಆಳವಾಗಿ ಕುಕ್ಕರಿಸಿದಾಗಲೆಲ್ಲ ಎರಡು ಮೂಳೆಗಳ ನಡುವೆ ಲೇಬ್ರಮ್ ನಜ್ಜುಗುಜ್ಜಾಗುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಟ್ಸ್ ಮತ್ತು ಅವರ ಸಂಗಡಿಗರು 2003ರಲ್ಲಿ ಈ ತಾಗಾಟವನ್ನು ವಿವರಿಸಿ, ಕೀಲಿನ ಸವೆತಕ್ಕೆ ಇದೂ ಒಂದು ಕಾರಣವೆಂದು ಲೋಕದ ಗಮನ ಸೆಳೆದರು. ಇದಕ್ಕೆ ವಿರುದ್ಧವಾಗಿ ಬಟ್ಟಲು ಹುಟ್ಟಿನಿಂದಲೇ ಆಳವಿಲ್ಲದಿದ್ದರೆ ಚೆಂಡು ಅಂಚಿನ ಕಡೆಗೆ ಸರಿದು ಲೇಬ್ರಮ್ಮಿನ ಮೇಲೆ ಭಾರ ಹಾಕುತ್ತದೆ. ಎಳೆಗೂಸಿನ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತುವ ರೂಢಿಯಿಂದ ಈ ದೋಷ ಹೆಚ್ಚುತ್ತದೆ. ನಮ್ಮ ತಾಯಂದಿರು ಮಗುವನ್ನು ಕಾಲಗಲಿಸಿ ಟೊಂಕದ ಮೇಲೆ ಕೂರಿಸಿಕೊಂಡು ನಡೆಯುತ್ತಾರಷ್ಟೆ. ಹಾಗೆ ಕೂರಿಸಿದಾಗ ಚೆಂಡು ಬಟ್ಟಲಿನ ನಡುವೆ ಸರಿಯಾಗಿ ಕುಳಿತು ಬಟ್ಟಲು ಚೆನ್ನಾಗಿ ರೂಪುಗೊಳ್ಳಲು ನೆರವಾಗುತ್ತದೆ. ಹಳೆಯ ರೂಢಿಗಳಲ್ಲಿ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಹೀಗೆ ಬೇರ್ಪಡಿಸಿ ನೋಡಬೇಕು.

ಲೇಬ್ರಮ್ ಹರಿದವರಿಗೆ ಸಾಮಾನ್ಯವಾಗಿ ತೊಡೆಸಂದಿನಲ್ಲಿ ನೋವು ಕಾಣಿಸುತ್ತದೆ. ಎಲ್ಲಿ ನೋವೆಂದು ಕೇಳಿದರೆ ಅನೇಕರು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಚಾಚಿ ಸೊಂಟದ ಪಕ್ಕವನ್ನು ಅಂಗೈಯಿಂದ ಹಿಡಿದು ತೋರಿಸುತ್ತಾರೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ, ಕುಕ್ಕರಗಾಲಿನಲ್ಲಿ ಕುಳಿತಾಗ, ಕಾಲನ್ನು ಒಳಕ್ಕೆ ಹೊರಳಿಸಿದಾಗ ನೋವು ಹೆಚ್ಚುತ್ತದೆ. ಕೆಲವರಿಗೆ ಒಳಗೆ ಕಟಕ್ಕೆಂದ ಹಾಗಾಗುತ್ತದೆ. ಕೀಲು ಸಿಕ್ಕಿಕೊಂಡಂತೆ ಅನ್ನಿಸುತ್ತದೆ.

ಈ ಸಂದರ್ಭದಲ್ಲಿ ಪ್ರೌಢಶಾಲೆಯ ಮಕ್ಕಳು ವಿಶೇಷವಾಗಿ ತಿಳಿದಿರಬೇಕಾದ ಒಂದು ವಿಷಯವಿದೆ. ನಿಮ್ಮ ವಯಸ್ಸಿನಲ್ಲಿ ತೊಡೆಮೂಳೆಯ ತಲೆಗೂ ಕತ್ತಿಗೂ ನಡುವೆ ಮೃದ್ವಸ್ಥಿಯ ಒಂದು ಪಟ್ಟಿ ಇರುತ್ತದೆ. ಮೂಳೆ ಉದ್ದವಾಗಿ ಬೆಳೆಯುವ ತಾಣಗಳಲ್ಲಿ ಅದೂ ಒಂದು. ಸುಮಾರು 10ರಿಂದ 16 ವರ್ಷದೊಳಗಿನ ಕೆಲವು ಮಕ್ಕಳಲ್ಲಿ ಈ ಪಟ್ಟಿಯ ಬಳಿ ತಲೆ ಮತ್ತು ಕತ್ತು ಒಂದರಿಂದೊಂದು ಜಾರುವುದುಂಟು. ಆಶ್ಚರ್ಯವೆಂದರೆ, ಸೊಂಟದ ಈ ತೊಂದರೆ ಎಷ್ಟೋ ವೇಳೆ ಮೊಣಕಾಲಿನ ಅಥವಾ ತೊಡೆಯ ನೋವಾಗಿ ತೋರುತ್ತದೆ; ಏಕೆಂದರೆ ಕೆಲವು ನರಗಳು ಎರಡೂ ಕಡೆಗೆ ಸೇರಿವೆ. ಹುಡುಗ ಕುಂಟುತ್ತಾನೆ, ಮನೆಯವರು ಮೊಣಕಾಲಿಗೆ ಎಣ್ಣೆ ಹಚ್ಚುತ್ತಾರೆ, ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಮೂಳೆ ಇನ್ನಷ್ಟು ಜಾರಿ, ತಲೆಗೆ ರಕ್ತ ಸಾಗದೆ, ಜೀವನಪೂರ್ತಿ ಉಳಿಯುವ ಊನವೇ ಆಗಬಹುದು. ಇದಕ್ಕೆ ವ್ಯಾಯಾಮ ಮದ್ದಲ್ಲ. ಕಾಲಿನ ಮೇಲೆ ಭಾರ ಹಾಕದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಶಸ್ತ್ರಚಿಕಿತ್ಸೆ ಮಾಡಿಸಬೇಕು. ಬೆಳೆಯುವ ಮಗು ಕಾರಣವಿಲ್ಲದೆ ಕುಂಟುವುದಿಲ್ಲ ಎಂಬುದನ್ನು ಪ್ರತಿಯೊಂದು ಮನೆಯೂ ನೆನಪಿಡಬೇಕು. ಹಾಗೆಯೇ ಜ್ವರದೊಡನೆ ಸೊಂಟ ನೋಯುತ್ತಿದ್ದರೆ ಒಂದು ದಿನವೂ ಕಾಯಬಾರದು.

ಪರೀಕ್ಷೆಯ ಮಾತಿಗೆ ಬಂದರೆ, 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣ ಮೂಳೆಯ ಆಕಾರವನ್ನು ತೋರಿಸುತ್ತದೆಯೇ ಹೊರತು ಮೃದ್ವಸ್ಥಿಯನ್ನು ತೋರಿಸದು. ಅದಕ್ಕೆ ಕಾಂತಕ್ಷೇತ್ರವನ್ನು ಬಳಸುವ ಎಂ.ಆರ್.ಐ. ಯಂತ್ರ ಬೇಕು. ಆದರೆ ಚಿತ್ರವೊಂದನ್ನೇ ನಂಬುವಂತಿಲ್ಲ. ಯಾವ ನೋವೂ ಇಲ್ಲದ ಅನೇಕರ ಲೇಬ್ರಮ್ಮಿನಲ್ಲಿಯೂ ಹರಿತ ಕಂಡುಬರುತ್ತದೆ. ಆದುದರಿಂದ ರೋಗಿಯ ಮಾತನ್ನು ಕೇಳಿ, ನಡಿಗೆಯನ್ನು ನೋಡಿ, ಕೀಲನ್ನು ಕೈಯಾರೆ ಪರೀಕ್ಷಿಸಿ, ಚಿತ್ರವನ್ನು ಅದರೊಂದಿಗೆ ಹೋಲಿಸುವುದೇ ವೈದ್ಯರ ಸರಿಯಾದ ಕ್ರಮ. ಅದೇ 1895ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ವೈದ್ಯ ಯಂತ್ರವಿಲ್ಲದ ಒಂದು ಪರೀಕ್ಷೆಯನ್ನು ಹೇಳಿಕೊಟ್ಟನು. ರೋಗಿಯನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಬೇಕು. ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿದರೆ, ನಿಂತ ಕಾಲಿನ ಪಕ್ಕದ ಸ್ನಾಯುಗಳು ಸೋತಿವೆ ಎಂದರ್ಥ.

ಈ ಸೋತ ಸ್ನಾಯುಗಳನ್ನು ಎಬ್ಬಿಸುವುದೇ ಭೌತಚಿಕಿತ್ಸೆಯ ಮುಖ್ಯ ಕೆಲಸ. ಭೌತಚಿಕಿತ್ಸೆ ಎಂದರೆ ಬರಿಯ ಮಾಲೀಸು ಅಲ್ಲ; ಬಿಸಿಯ ಪೆಟ್ಟಿಗೆಯೂ ಅಲ್ಲ. ಕ್ರಮವರಿತ ಚಲನೆಯಿಂದ ದೇಹವನ್ನು ಸರಿಪಡಿಸುವ ವಿದ್ಯೆ ಅದು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಇಂಥ ವ್ಯಾಯಾಮದ ಕೇಂದ್ರವನ್ನು ತೆರೆದನು. ನಮ್ಮ ದೇಶದಲ್ಲಿ 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಇದರ ವ್ಯವಸ್ಥಿತ ಶಿಕ್ಷಣ ಮೊದಲಾಯಿತು. ಪೋಲಿಯೊ ಪೀಡಿತ ಮಕ್ಕಳ ಆರೈಕೆ ಅಂದಿನ ದೊಡ್ಡ ಅಗತ್ಯವಾಗಿತ್ತು. ಇಂದು ಬೆಳಗಾವಿಯಲ್ಲಿಯೇ ಈ ವಿದ್ಯೆಯನ್ನು ಕಲಿಸುವ ಕಾಲೇಜು ಇದೆ.

ಹರಿದ ಲೇಬ್ರಮ್ಮನ್ನು ವ್ಯಾಯಾಮ ಹೊಲಿಯಲಾರದು. ಹಾಗಾದರೆ ಅದರಿಂದ ಪ್ರಯೋಜನವೇನು? ಕೀಲಿನ ಸುತ್ತಲ ಸ್ನಾಯುಗಳು ಬಲಗೊಂಡರೆ ಚೆಂಡು ಬಟ್ಟಲಿನ ನಡುವೆ ಸ್ಥಿರವಾಗಿ ತಿರುಗುತ್ತದೆ, ಅಂಚಿನ ಮೇಲಿನ ಒತ್ತಡ ತಗ್ಗುತ್ತದೆ, ನೋವು ಕಡಿಮೆಯಾಗುತ್ತದೆ. ಮೊದಲ ಹಂತದಲ್ಲಿ ಕೀಲಿಗೆ ವಿರಾಮ ಕೊಡಬೇಕು. ವಿರಾಮವೆಂದರೆ ಹಾಸಿಗೆ ಹಿಡಿಯುವುದಲ್ಲ; ನೋಯಿಸುವ ಭಂಗಿಗಳನ್ನು ಮಾತ್ರ ಬಿಡುವುದು. ನೆಲದ ಬದಲು ಎತ್ತರದ ಮಣೆಯ ಅಥವಾ ಕುರ್ಚಿಯ ಮೇಲೆ ಕೂರುವುದು, ಆಳವಾದ ಬೈಠಕ್ ತೆಗೆಯದಿರುವುದು ಇದರಲ್ಲಿ ಸೇರಿವೆ. ಎರಡನೆಯ ಹಂತದಲ್ಲಿ ಅಂಗಾತ ಮಲಗಿ ಮೊಣಕಾಲು ಮಡಿಸಿ ನಡುವನ್ನು ಮೆಲ್ಲಗೆ ಮೇಲೆತ್ತಿ ಇಳಿಸುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು, ಹೊಟ್ಟೆಯ ಸ್ನಾಯುಗಳನ್ನು ಬಿಗಿಯುವುದು ಮೊದಲಾದ ಸರಳ ಸಾಧನೆಗಳು. ಮೂರನೆಯ ಹಂತದಲ್ಲಿ ನಿಂತು ಮಾಡುವ ವ್ಯಾಯಾಮ, ಮೆಟ್ಟಿಲೇರುವುದು, ಒಂಟಿಗಾಲಿನ ಸಮತೋಲ. ಕೊನೆಗೆ ಹೊರೆ ಹೊರುವ, ಓಡುವ, ಆಡುವ ಅಭ್ಯಾಸಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ಮಾಡುವಾಗ ತುಸು ನೋವಾಗಿ ಮರುದಿನಕ್ಕೆ ಅಡಗಿದರೆ ಚಿಂತೆಯಿಲ್ಲ. ಮರುದಿನಕ್ಕೆ ಹೆಚ್ಚಿದರೆ ಅಳತೆ ಮೀರಿತೆಂದು ತಿಳಿಯಬೇಕು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಚಿಕಿತ್ಸಕರೇ ಪರೀಕ್ಷಿಸಿ ಹೇಳಬೇಕು. ಫಲ ಕಾಣಲು ಕನಿಷ್ಠ ಮೂರು ತಿಂಗಳ ನಿಷ್ಠೆ ಅಗತ್ಯ. ಕಾಲು ಜಗ್ಗಿ ‘ಕೂಡಿಸುವ’ವರ ಕೈಗೆ ಇಂಥ ಕೀಲನ್ನು ಒಪ್ಪಿಸುವುದು ಅಪಾಯಕರ.

ಊರುಗೋಲಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಬಲಗಾಲು ನೋಯುವವರು ಕೋಲನ್ನು ಬಲಗೈಯಲ್ಲಿ ಹಿಡಿಯುವುದೇ ಹೆಚ್ಚು. ಆದರೆ ಹಿಡಿಯಬೇಕಾದುದು ಎಡಗೈಯಲ್ಲಿ. ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಎಡಗೈಯ ಕೋಲು ಬಲಗೀಲಿನಿಂದ ಸುಮಾರು 40 ಸೆಂಟಿಮೀಟರು ದೂರದಲ್ಲಿ ಊರಿರುತ್ತದೆ. ಅದರ ಮೇಲೆ 5 ಕಿಲೋ ಭಾರ ಹಾಕಿದರೂ ಸಾಕು, ಸ್ನಾಯುಗಳ ಎಳೆತ 100ರಿಂದ 60 ಕಿಲೋಗೆ ಇಳಿಯುತ್ತದೆ; ಕೀಲಿನ ಭಾರ 150ರಿಂದ 105ಕ್ಕೆ ಇಳಿಯುತ್ತದೆ. ಒಂದು ಬಿದಿರ ಕೋಲು, ಸರಿಯಾದ ಕೈಯಲ್ಲಿದ್ದರೆ, ಹೀಗೆ ನಲವತ್ತೈದು ಕಿಲೋ ಹೊರೆಯನ್ನು ಇಳಿಸಬಲ್ಲುದು.

ವ್ಯಾಯಾಮದಿಂದ ಎಲ್ಲರಿಗೂ ಗುಣವಾಗುತ್ತದೆಯೆ? ಹಾಗೆ ಹೇಳಲಾಗದು. ಮೂಳೆಗಳ ತಾಗಾಟದಿಂದ ಬಳಲುತ್ತಿದ್ದ 348 ಮಂದಿಯನ್ನು ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದೂರ್ಬೀನಿನಂಥ ಸಣ್ಣ ಕೊಳವೆಯ ಮೂಲಕ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಭೌತಚಿಕಿತ್ಸೆಯನ್ನೂ ಕೊಟ್ಟು ಪರೀಕ್ಷಿಸಿದರು. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ಎರಡೂ ಗುಂಪಿನವರ ಸ್ಥಿತಿ ಸುಧಾರಿಸಿತ್ತು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಧಾರಣೆ ಹೆಚ್ಚಾಗಿತ್ತು, ಅದರಂತೆ ವೆಚ್ಚವೂ ಹೆಚ್ಚಾಗಿತ್ತು. ಆದುದರಿಂದ ಮೊದಲು ಭೌತಚಿಕಿತ್ಸೆ, ಅದರಿಂದ ಸಾಲದಿದ್ದರೆ ಶಸ್ತ್ರಚಿಕಿತ್ಸೆ ಎಂಬ ಕ್ರಮವನ್ನು ಅನೇಕ ವೈದ್ಯರು ಅನುಸರಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರವೂ ವ್ಯಾಯಾಮ ತಪ್ಪಿದ್ದಲ್ಲ. ಹೊದಿಕೆ ಪೂರ್ಣವಾಗಿ ಸವೆದವರಿಗೆ ಕೃತಕ ಕೀಲು ಉಂಟು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಚೆಂಡನ್ನೂ ಪ್ಲಾಸ್ಟಿಕ್ಕಿನ ಬಟ್ಟಲನ್ನೂ ಜೋಡಿಸಿ ಇದಕ್ಕೆ ಭದ್ರವಾದ ದಾರಿ ಹಾಕಿದನು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಬ್ಬು ಕಡಿಯುವ ತಾಯಿಗೆ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ‘ಕುಕ್ಕರಿಸಬೇಡಿ’ ಎಂಬ ಸಲಹೆ ಆಕೆಯ ಒಲೆಯ ಮುಂದೆಯೂ ಹೊಲದಲ್ಲಿಯೂ ನಿಲ್ಲುವುದು ಕಷ್ಟ. ಇಲ್ಲಿ ಮನೆಯವರ ನೆರವು ಬೇಕು. ಒಲೆಯನ್ನು ಕಟ್ಟೆಯ ಮೇಲಕ್ಕೇರಿಸುವುದು, ನೀರಿನ ಕೊಡವನ್ನು ಮಕ್ಕಳು ಹೊರುವುದು, ಹೊರೆಯನ್ನು ಎರಡಾಗಿ ಕಟ್ಟುವುದು, ಕಲಿತು ಬಂದ ವ್ಯಾಯಾಮವನ್ನು ಸಂಜೆ ಜೊತೆಯಲ್ಲಿ ಕುಳಿತು ಮಾಡಿಸುವುದು, ಇವು ಹಣ ಬೇಡದ ಚಿಕಿತ್ಸೆಗಳು. ಓದುಬರಹ ಬಲ್ಲ ಮಗನೋ ಮಗಳೋ ಇದ್ದರೆ ಚಿಕಿತ್ಸಕರ ಅರ್ಧ ಕೆಲಸ ಮನೆಯಲ್ಲಿಯೇ ಆದೀತು.

ಈ ಸೀಮೆಗೆ ಶಿಸ್ತಿನ ವ್ಯಾಯಾಮ ಹೊಸತಲ್ಲ. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ ಸಾವಿರಾರು ತರುಣರಿಗೆ ಕವಾಯತನ್ನೂ ಸೇವೆಯನ್ನೂ ಕಲಿಸಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು ಗೋಕಾಕ ತಾಲ್ಲೂಕಿನ ಘಟಪ್ರಭೆಯನ್ನು ತಮ್ಮ ಕಾರ್ಯಕ್ಷೇತ್ರ ಮಾಡಿಕೊಂಡಿದ್ದರು. ಅಲ್ಲಿಯ ಕರ್ನಾಟಕ ಆರೋಗ್ಯಧಾಮದ ಹೆಸರು ಅವರ ಹೆಸರಿನೊಡನೆ ಸೇರಿಕೊಂಡಿದೆ. ಗರಡಿಮನೆಯ ಉಸ್ತಾದರೂ ಇದನ್ನೇ ಬಲ್ಲರು: ಒಂದೇ ದಿನದಲ್ಲಿ ಯಾರೂ ಜಟ್ಟಿಯಾಗಲಾರರು, ದಿನದಿನದ ಸಾಮು ಮನುಷ್ಯನನ್ನು ಗಟ್ಟಿಗೊಳಿಸುತ್ತದೆ. ಅದೇ ತಾಳ್ಮೆ ನೊಂದ ಕೀಲಿಗೂ ಬೇಕು.

ಒರಳು ಸವೆದರೆ ಕಲ್ಲುಕುಟಿಗನನ್ನು ಕರೆಸಿ ಹೊಸದನ್ನು ಕಡೆಸಬಹುದು. ದೇಹದ ಒರಳನ್ನಾದರೋ ನಾವು ಒಮ್ಮೆ ಪಡೆದು ಕೊನೆಯವರೆಗೂ ಬಾಳಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಕುಂಟುತ್ತ ನಡೆಯುತ್ತಿದ್ದರೆ ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ನೋವು ಎಲ್ಲಿದೆ, ಎಂದಿನಿಂದ ಇದೆ ಎಂದು ಕೇಳಿರಿ. ಆರೈಕೆ ಆರಂಭವಾಗುವುದು ಅಂಥ ಒಂದು ಪ್ರಶ್ನೆಯಿಂದಲೇ.

ಅಭ್ಯಾಸ

1. ಸೊಂಟದ ಕೀಲನ್ನು ಒರಳಿಗೆ ಹೋಲಿಸಿರುವುದರ ಔಚಿತ್ಯವೇನು?
2. ‘ಚಲನೆಯೇ ಅದರ ಅನ್ನ.’ ಈ ಮಾತನ್ನು ವಿವರಿಸಿರಿ.
3. ಬೆಳೆಯುವ ಮಗು ಕುಂಟಿದರೆ ಏಕೆ ತಡಮಾಡಬಾರದು?
4. ಎಡಗಾಲು ನೋಯುವವರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಲೆಕ್ಕದ ಮೂಲಕ ತೋರಿಸಿರಿ.
5. ಭೌತಚಿಕಿತ್ಸೆಯ ಹಂತಗಳನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.